ಸಿಸ್ಟರ್ ಏನಂದರು, ಬದ್ರೂ?

ಯಲ್ಲಾಪುರದ ಪೇಟೆ ಓಣಿಯಲ್ಲಿ ನಮ್ಮ ಮನೆಗೂ ಬದ್ರುನ್ನಿಸಾಳ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ದಿನಾ ಬೆಳಿಗ್ಗೆ ಆ ಗೋಡೆಯಾಚೆಯಿಂದ ಹುಡುಗಿಯರು ಕುರಾನ್ ಓದುವ ದನಿ ಕೇಳುತ್ತಿತ್ತು. ನಾನು ಈಚೆ ಲಿಂಗಪೂಜೆಗೆ ಕೂತಿರುತ್ತಿದ್ದೆ. ಆ ದನಿ ನನಗೆ ಎಂದೂ ಅಡ್ಡಿ ಅನ್ನಿಸಲಿಲ್ಲ. ಹುಡುಗಿಯರಿಗೆ ರಜೆ ಇದ್ದ ದಿನ ಪೂಜೆಯಲ್ಲೇ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು.

ಹುಡುಗಿಯರಿಗೆ ಓದಿಸುತ್ತಿದ್ದವಳು ಬದ್ರುನ್ನಿಸಾ. ಗಂಡ ರಸೂಲ್ ಯಲ್ಲಾಪುರದಿಂದ ಶಿರಸಿಗೆ ಹೋಗುವ ಸರ್ವೀಸ್ ಮೋಟಾರಿನ ಡ್ರೈವರ. ಅವಳಿಗೆ ಆಗ ಮೂವತ್ತರ ಆಸುಪಾಸು. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಆದರೆ ಕಿವಿ ಬಹಳ ಚುರುಕು. ಗಂಟಲಿನ ಆಳದಿಂದ ಬರಬೇಕಾದ ಸ್ವರ ನಾಲಿಗೆಯ ತುದಿಯಿಂದ ಬಂದರೆ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು, "ಮತ್ತೊಮ್ಮೆ!" ಅರ್ಥ ಏನು ಎಂದು ನಾನು ಒಮ್ಮೆ ಕೇಳಿದ್ದೆ.

"ಅರ್ಥ ನನಗೂ ಗೊತ್ತಿಲ್ಲ ಪಾರ್ವತವ್ವಾ. ನನಗೆ ಕಲಿಸಿದ ಉಸ್ತಾನಿಗೂ ಗೊತ್ತಿರ್ಲಿಲ್ಲ. ಆದ್ರೆ ಒಂದು ಸ್ವರ ಬಿಡಂಗಿಲ್ಲ. ಬಿಟ್ರೆ ಅದು ಗುನಾ, ಪಾಪ," ಎಂದಳು.

ಅವಳು ಇಟಾಲಿಯನ್ ಕಲಿತದ್ದೂ ಹೀಗೆಯೇ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಓಣಿಯ ಕೊನೆಯಲ್ಲಿ ಕನ್ಯಾಸ್ತ್ರೀಯರು ಹೆಂಗಸರಿಗಾಗಿ ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದರು. ಇದ್ದವರು ಇಬ್ಬರೇ. ಒಬ್ಬರು ಮಂಗಳೂರಿನವರು, ಕನ್ನಡ ಬಲ್ಲವರು. ಇನ್ನೊಬ್ಬರು ಇಟಲಿ ದೇಶದಿಂದ ಬಂದ ಸಿಸ್ಟರ್ ಓರ್ಸೊಲಾ. ನಮ್ಮವರ ಬಾಯಲ್ಲಿ ವರ್ಸೂಲಮ್ಮ. ದಪ್ಪ ಹೆಂಗಸು, ಕೆಂಪು ಮುಖ, ಕೈ ಮಾತ್ರ ಹತ್ತಿಯಷ್ಟು ಹಗುರ. ಅವರಿಗೆ ಬರುತ್ತಿದ್ದ ಕನ್ನಡ "ಕೂತುಕೋ", "ಬಾಯಿ ತೆಗೆ", "ಅಳಬೇಡ", ಅಷ್ಟೇ. ಉಳಿದದ್ದೆಲ್ಲ ಇಟಾಲಿಯನ್. ರೋಗಿಯ ಹತ್ತಿರವೂ ಅದೇ, ಅಂಗಳಕ್ಕೆ ಬಂದ ಕೋಳಿಯ ಹತ್ತಿರವೂ ಅದೇ.

ಮೂವತ್ತಾರನೆಯ ಇಸವಿಯ ಮಳೆಗಾಲದಲ್ಲಿ ಮಂಗಳೂರಿನ ಸಿಸ್ಟರ್ ಜ್ವರ ಹಿಡಿದು ಊರಿಗೆ ಮರಳಿದರು. ಅದೇ ವಾರ ಬದ್ರುನ್ನಿಸಾ ತೋಳಿನ ಹುಣ್ಣು ತೋರಿಸಲು ಹೋಗಿದ್ದಳು. ಸಿಸ್ಟರ್ ಪಟ್ಟಿ ಕಟ್ಟುತ್ತ ಏನೋ ಉದ್ದಕ್ಕೆ ಹೇಳಿದರು. ಇವಳು ತನ್ನ ಅಭ್ಯಾಸದಂತೆ ಅದನ್ನೇ ತಿರುಗಿ ಹೇಳಿದಳು, ಒಂದು ಸ್ವರ ಬಿಡದೆ, ಅದೇ ಏರಿಳಿತದಲ್ಲಿ. ಸಿಸ್ಟರ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಇನ್ನೊಂದು ಮಾತು ಹೇಳಿದರು. ಅದೂ ಹಾಗೇ ಮರಳಿ ಬಂತು. ಅವರಿಗೆ ಕಣ್ಣಲ್ಲಿ ನೀರು ಬಂತಂತೆ. ಮಾರನೆಯ ದಿನದಿಂದಲೇ ಬದ್ರುನ್ನಿಸಾ ದವಾಖಾನೆಯ ಕೆಲಸಕ್ಕೆ ನಿಂತಳು. ಗಂಡಸರು ಒಳಗೆ ಬರದ ಜಾಗವಾದ್ದರಿಂದ ರಸೂಲ್ ಬೇಡವೆನ್ನಲಿಲ್ಲ.

ಸಿಸ್ಟರ್ ಹೇಳುವುದು, ಬದ್ರುನ್ನಿಸಾ ಅದನ್ನು ತಿರುಗಿ ಒಪ್ಪಿಸುವುದು, ಸಿಸ್ಟರ್ ತಲೆಯಾಡಿಸಿ, ಭೇಷ್ ಎನ್ನುವಂತೆ, "ಬ್ರಾವಾ" ಅನ್ನುವುದು, ಹೀಗೆ ಕೆಲಸ ನಡೆಯಿತು. ನೀರು, ಹತ್ತಿ, ಬಟ್ಟೆ ಎಂಬ ಸಣ್ಣ ಮಾತುಗಳು ಅವಳಿಗೆ ತಿಳಿಯುತ್ತಿದ್ದವು. ಉಳಿದದ್ದನ್ನು ಸಿಸ್ಟರ್ ಬೆರಳು ತೋರಿಸಿದ ಕಡೆ ನೋಡಿ ಮಾಡುತ್ತಿದ್ದಳು. ಇಡೀ ಪೇಟೆಗೆ ಸುದ್ದಿಯಾಯಿತು, ರಸೂಲನ ಹೆಂಡತಿಗೆ ಬಿಳಿಯರ ಭಾಷೆ ಬಂತು ಎಂದು. ಎಲ್ಲರಿಗಿಂತ ಹೆಚ್ಚು ಸಾರಿದವಳು ಅವಳ ಅತ್ತೆ ಬಿಸ್ಮಿಲ್ಲಾ ಬಿ.

ಬಿಸ್ಮಿಲ್ಲಾ ಬಿಗೆ ರಜಿಯಾ ಎಂಬ ಮಗಳಿದ್ದಳು, ರಸೂಲನ ತಂಗಿ. ಶಿರಸಿಗೆ ಕೊಟ್ಟಿದ್ದರು. ಹಿಂದಿನ ಎರಡೂ ಹೆರಿಗೆ ತವರಿನಲ್ಲೇ ಆಗಿ, ಎರಡು ಸಲವೂ ಮಗು ಉಸಿರಾಡಲಿಲ್ಲ. ಎರಡನೆಯ ಸಲ ರಜಿಯಾ ತಾನೂ ಉಳಿದದ್ದು ಕಷ್ಟದಿಂದ. ಈಗ ಮೂರನೆಯ ಬಸಿರಿಗೆ ತವರಿಗೆ ಬಂದಿದ್ದಳು. ಹಳೆಯ ಸೂಲಗಿತ್ತಿಯನ್ನೇ ಕರೆಸುವುದು ಎಂದು ಬಿಸ್ಮಿಲ್ಲಾ ಬಿ ನಿಶ್ಚಯಿಸಿದ್ದಳು. ದವಾಖಾನೆ ಬೇಡ ಎನ್ನಲು ಅವಳಲ್ಲಿ ಒಂದೇ ಕಾರಣ ಇತ್ತು.

"ಆ ದೊರೆಸಾನಿ ಒಳಗೆ ಏನ್ ಹೇಳ್ತಾಳೋ, ನನ್ನ ಮಗಳಿಗೆ ಏನ್ ತಿಳಿತದೋ. ನೋವಲ್ಲಿರೋ ಹೆಂಗಸಿಗೆ ಕೈಸನ್ನೆ ಮಾಡ್ತಾಳಾ ಅವಳು?"

ಬದ್ರುನ್ನಿಸಾ ಹೇಳಿದಳು, "ನಾನು ಇರ್ತೀನಲ್ಲ ಅಮ್ಮಾ. ಸಿಸ್ಟರಮ್ಮ ಹೇಳೋದೆಲ್ಲ ನನಗೆ ತಿಳಿತದೆ."

ಹೇಳಿದಾಗ ಅವಳಿಗೆ ಅದು ನಿಜವೆಂದೇ ಅನ್ನಿಸಿತ್ತು. ಅತ್ತೆ ಒಪ್ಪಿದಳು.

ಅದಾದ ಸ್ವಲ್ಪ ದಿನಕ್ಕೆ ದೇವಿ ಎಂಬ ಕೂಲಿ ಹೆಂಗಸು ಕಾಲು ಸುಟ್ಟುಕೊಂಡು ದವಾಖಾನೆಗೆ ಬಂದಳು. ಸಿಸ್ಟರ್ ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಬದ್ರುನ್ನಿಸಾಳ ಕಡೆ ತಿರುಗಿ ನಾಲ್ಕಾರು ಮಾತು ಹೇಳಿ ಒಳಗೆ ಹೋದರು. ಬದ್ರುನ್ನಿಸಾ ಅಷ್ಟನ್ನೂ ತಪ್ಪಿಲ್ಲದೆ ಒಪ್ಪಿಸಿದ್ದಳು.

"ಎಂತ ಹೇಳಿದ್ರು?" ದೇವಿ ಕೇಳಿದಳು.

ಬದ್ರುನ್ನಿಸಾ ಬಾಯಿ ತೆಗೆದಳು. ಬಾಯೊಳಗೆ ಇಡೀ ಮಾತು ಇತ್ತು, ಇನ್ನೂ ಹಸಿಯಾಗಿ ಇತ್ತು. ತಲೆಯೊಳಗೆ ಮಾತ್ರ ಏನೂ ಇರಲಿಲ್ಲ.

"ನೀರು ತಾಗಿಸಬೇಡ ಅಂದ್ರು," ಎಂದುಬಿಟ್ಟಳು.

ದೇವಿ ಮತ್ತೆ ಬಂದದ್ದು ಕಾಲು ಕುಂಬಳದಂತೆ ಊದಿಕೊಂಡ ಮೇಲೆ, ಮೈದುನನ ಹೆಗಲಿಗೆ ಬಿದ್ದು. ಪಟ್ಟಿ ಬಿಚ್ಚಿದ ಸಿಸ್ಟರ್ ಕೆಂಡವಾದರು. ಮಾರನೆಯ ದಿನವೇ ಬಂದು ಪಟ್ಟಿ ಬದಲಿಸಿಕೊಳ್ಳಬೇಕು ಎಂದು ಅವರು ಹೇಳಿದ್ದರಂತೆ. ಅದು ಬದ್ರುನ್ನಿಸಾಗೆ ಈಗ ಅವರ ಕೈಸನ್ನೆಯಿಂದ ತಿಳಿಯಿತು. ಸಿಸ್ಟರ್ ಬೈದದ್ದು ದೇವಿಯನ್ನು. ದೇವಿ ಅಳುತ್ತ, "ನಂಗೆ ಯಾರೂ ಹೇಳ್ಲಿಲ್ಲ, ಈ ಬೀಬಿ ಹೇಳ್ಲಿಲ್ಲ," ಎಂದಳು. ಆ ಕನ್ನಡ ಸಿಸ್ಟರಿಗೆ ತಿಳಿಯಲಿಲ್ಲ. ಎರಡೂ ಕಡೆಯದು ತಿಳಿದವಳು ಆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅವಳು ಬಿಸಿನೀರಿನ ಬೋಗುಣಿ ಹಿಡಿದು ಸುಮ್ಮನೆ ನಿಂತಿದ್ದಳು.

ಸಂಜೆ ಹಿತ್ತಿಲಿಗೆ ಬಂದು ನನ್ನ ಹತ್ತಿರ ಎಲ್ಲ ಹೇಳಿದಳು. ದೇವಿಯ ಕಾಲು ಉಳಿಯುತ್ತದೆ ಎಂದು ಸಿಸ್ಟರ್ ಮುಖ ನೋಡಿ ಅರಿತುಕೊಂಡಿದ್ದಳು.

"ಕಾಲಿನ ಬದಲು ಅದು ರಜಿಯಾ ಆಗಿದ್ರೆ?"

"ಅತ್ತೀಗೆ ಹೇಳಿಬಿಡು ಬದ್ರೂ, ನನಗ ಅಷ್ಟು ತಿಳಿಯೂದಿಲ್ಲ ಅಂತ," ಎಂದೆ.

"ಹೇಳಿದ ಕೂಡ್ಲೆ ಮುದುಕಿ ಸೂಲಗಿತ್ತಿನ ಕರೆಸ್ತಾರೆ. ಎರಡು ಸಲ ಅವಳೇ ಅಲ್ವಾ ಇದ್ದದ್ದು?"

ಅವಳ ಮಾತು ಮುಗಿಯುವವರೆಗೆ ಕೂತಿದ್ದೆ, ಅಷ್ಟೇ.

ಮರುದಿನ ಅವಳು ಸಿಸ್ಟರಿಗಾದರೂ ನಿಜ ಹೇಳಬೇಕೆಂದು ಹೋದಳು. "ನನಗೆ ಅರ್ಥವಾಗುವುದಿಲ್ಲ" ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಸಿಸ್ಟರ್ ತಾವೇ ದಿನಕ್ಕೆ ಹತ್ತು ಸಲ ನಮ್ಮವರ ಮುಂದೆ ಕೈ ಬಿಡಿಸಿ ಹೇಳುತ್ತಿದ್ದ ಮಾತು ಅದು. "ನೋನ್ ಕಪೀಸ್ಕೊ," ಎಂದಳು ಬದ್ರುನ್ನಿಸಾ. ಎಷ್ಟು ಸೊಗಸಾಗಿ ಹೇಳಿದಳೆಂದರೆ ಸಿಸ್ಟರ್ ಹೊಟ್ಟೆ ಹಿಡಿದು ನಕ್ಕರು. ತಮ್ಮನ್ನೇ ಅಣಕಿಸುತ್ತಿದ್ದಾಳೆ ಅಂದುಕೊಂಡರು. ಅವಳ ಕೆನ್ನೆ ತಟ್ಟಿ, ಮೊದಲಿಗಿಂತ ಇಮ್ಮಡಿ ವೇಗದಲ್ಲಿ ಮಾತಾಡತೊಡಗಿದರು.

ನೀರು ಹೊರುತ್ತಿದ್ದ ಹೊನ್ನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೀವು ಅವರಂಗೇ ಮಾತಾಡಿದ್ರೆ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು ಬೀಬಿ? ನನ್ನಂಗೆ ಬೆಪ್ಪಿ ಹಂಗೆ ನಿಂತ್ಕಳಿ," ಎಂದಳು.

ಹೊನ್ನಿಗೆ ಒಂದು ಪದವೂ ಬರುತ್ತಿರಲಿಲ್ಲ. ಸಿಸ್ಟರ್ ಕಣ್ಣು ಹೋದಲ್ಲಿ ಅವಳ ಕೈ ಹೋಗುತ್ತಿತ್ತು. ಬೆನ್ನು ತಿರುಗಿಸಿ ಹೇಳಿದರೆ ಬಕೀಟು ಕೇಳಿದ್ದಕ್ಕೆ ಚಾಪೆ ತರುತ್ತಿದ್ದಳು. ಹೆರಿಗೆ ಕೋಣೆಯಲ್ಲಿ ಸಿಸ್ಟರ್ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಗಿರುತ್ತಾರೆ, ಕೈ ಎರಡೂ ಕೆಲಸದಲ್ಲಿರುತ್ತವೆ. ಅಲ್ಲಿ ಹೊನ್ನಿಯ ದಾರಿ ನಡೆಯದು.

ಬದ್ರುನ್ನಿಸಾಗೆ ದಾರಿ ಕಂಡದ್ದು ಪ್ರಾರ್ಥನೆಯ ಹೊತ್ತಿನಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಸಿಸ್ಟರ್ ಜಪಮಾಲೆ ಹಿಡಿದು ಗಟ್ಟಿಯಾಗಿ ಪ್ರಾರ್ಥನೆ ಹೇಳುತ್ತಿದ್ದರು. ಬದ್ರುನ್ನಿಸಾ ಅದನ್ನು ಮಾತ್ರ ಎಂದೂ ತಿರುಗಿ ಹೇಳುತ್ತಿರಲಿಲ್ಲ. ಅದು ಅವರ ದೇವರಿಗೆ ಅವರು ಹೇಳುವ ಮಾತು, ತನ್ನ ಬಾಯಲ್ಲಿ ಬರಬಾರದು ಎಂದು ತುಟಿ ಬಿಗಿಹಿಡಿದು ಪಟ್ಟಿಬಟ್ಟೆ ಸುತ್ತುತ್ತ ಕೂರುತ್ತಿದ್ದಳು. ಒಂದು ಸಂಜೆ ಹೀಗೆ ಕೂತಿದ್ದಾಗ ಆ ಪ್ರವಾಹದ ನಡುವೆ "ರೊಟ್ಟಿ" ಎಂಬುದರ ಇಟಾಲಿಯನ್ ಪದ ಕೇಳಿಸಿತು. ಸಿಸ್ಟರ್ ಬೆಳಿಗ್ಗೆ ತಿಂಡಿಗೆ ಕೇಳುತ್ತಿದ್ದ ಅದೇ ಪದ. ಅದರ ಹತ್ತಿರವೇ "ಇವತ್ತು" ಎಂಬುದು. ಬಟ್ಟೆ ಸುತ್ತುವ ಕೈ ನಿಂತಿತು. ಸಿಸ್ಟರ್ ತಮ್ಮ ದೇವರ ಹತ್ತಿರ ಇವತ್ತಿನ ಅನ್ನ ಬೇಡುತ್ತಿದ್ದರು! ಯಾರೂ ಬೆರಳು ತೋರಿಸಿರಲಿಲ್ಲ, ಕಣ್ಣು ಹೊರಳಿಸಿರಲಿಲ್ಲ.

"ನನ್ನ ಬಾಯಿ ಸುಮ್ನಿತ್ತು ಪಾರ್ವತವ್ವಾ, ಅದಕ್ಕೇ ಕಿವಿಗೆ ಬಿತ್ತು," ಎಂದು ಓಡಿಬಂದು ಹೇಳಿದಳು. "ಇಷ್ಟು ದಿನ ಅವರು ಮುಗಿಸೋ ಮೊದ್ಲೇ ನಾನು ಹೇಳೋಕೆ ತಯಾರಾಗ್ತಿದ್ದೆ. ಕೇಳ್ತಾನೇ ಇರ್ಲಿಲ್ಲ."

ಮರುದಿನದಿಂದ ಅವಳು ಹೊಸ ಕ್ರಮ ಹಿಡಿದಳು. ಸಿಸ್ಟರ್ ಹೊನ್ನಿಗೆ ಕೆಲಸ ಹೇಳುವಾಗ ತಾನು ಪರದೆಯ ಹಿಂದೆ ನಿಲ್ಲುವುದು. ಅವರ ಮುಖ ನೋಡುವಂತಿಲ್ಲ, ತಿರುಗಿ ಹೇಳುವಂತಿಲ್ಲ. ಏನು ಕೇಳಿದರು ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಆಮೇಲೆ ಇಣುಕಿ ನೋಡುವುದು. ಹೊನ್ನಿ ತಂದದ್ದಕ್ಕೆ "ಬ್ರಾವಾ" ಸಿಕ್ಕರೆ, ಬೈಗುಳ ಸಿಕ್ಕರೆ, ಅದರಿಂದ ತನ್ನ ಎಣಿಕೆ ಸರಿಯೋ ತಪ್ಪೋ ತಿಳಿಯುತ್ತಿತ್ತು. ಹೊನ್ನಿ ನಗುತ್ತಿದ್ದಳು, "ನಂಗೆ ಬೈಸಿ ನೀವು ಪಾಠ ಕಲೀರಿ!"

ಕೇಳಲು ಸುಲಭ, ಮಾಡಲು ಅಲ್ಲ. ಸಿಸ್ಟರ್ ಮಾತು ಎಲ್ಲೂ ಕಡಿಯುತ್ತಿರಲಿಲ್ಲ. ಗೊತ್ತಿದ್ದ ಪದವೂ ಪಕ್ಕದ ಪದದೊಳಗೆ ಕರಗಿಹೋಗುತ್ತಿತ್ತು. ಒಂದು ಸ್ವರ ತಪ್ಪಿದರೆ ಬದ್ರುನ್ನಿಸಾ ಅಲ್ಲೇ ನಿಂತುಬಿಡುತ್ತಿದ್ದಳು. ಅದನ್ನು ಹಿಡಿಯುವಷ್ಟರಲ್ಲಿ ಮಾತೇ ಮುಗಿದಿರುತ್ತಿತ್ತು. ಸಿಸ್ಟರ್ ಒತ್ತಿ ಹೇಳುವ ಒಂದೆರಡು ಪದ ಹಿಡಿದು ಉಳಿದದ್ದನ್ನು ಬಿಡಬೇಕು ಎಂದು ಅವಳಿಗೆ ಗೊತ್ತಾಗಿತ್ತು. ಬಿಡಲು ಮನಸ್ಸು ಬರುತ್ತಿರಲಿಲ್ಲ. ಏಳು ವರ್ಷದವಳಿದ್ದಾಗಿನಿಂದ ಒಂದು ಸ್ವರ ಬಿಟ್ಟರೆ ಪಾಪ ಎಂದು ಕಲಿತವಳು. ಪರದೆಯ ಹಿಂದೆ ನಿಂತು ಮಾತು ಜಾರಲು ಬಿಡುವಾಗ ಪಾಪ ಮಾಡುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತಂತೆ.

"ಅದು ದೇವರ ಮಾತು, ಇದು ಮನುಷ್ಯರದು," ಎಂದು ನಾನು ಮೆಲ್ಲಗೆ ಹೇಳಿದೆ.

"ತಲೆಗೆ ತಿಳಿತದೆ ಪಾರ್ವತವ್ವಾ. ಕಿವಿಗೆ ತಿಳಿಬೇಕಲ್ಲ," ಎಂದಳು.

ರಜಿಯಾಳ ದಿನ ಹತ್ತಿರವಾಗುತ್ತಿತ್ತು. ಬಿಸ್ಮಿಲ್ಲಾ ಬಿ ಸೊಸೆಯನ್ನು ಬಂದವರ ಮುಂದೆ ಕೂರಿಸಿ, "ಏನಾದ್ರೂ ಇಟಾಲಿ ಮಾತು ಹೇಳು, ಇವರು ಕೇಳ್ಲಿ," ಎನ್ನುತ್ತಿದ್ದಳು. ಬದ್ರುನ್ನಿಸಾ ಹೇಳುತ್ತಿದ್ದಳು. ಬಂದವರು ಬಾಯಿಗೆ ಸೆರಗಿಟ್ಟು ಬೆರಗಾಗುತ್ತಿದ್ದರು. ಮೂಲೆಯಲ್ಲಿ ಕೂತ ರಜಿಯಾ ಅತ್ತಿಗೆಯ ಮುಖವನ್ನು ದೇವರನ್ನು ನೋಡುವಂತೆ ನೋಡುತ್ತಿದ್ದಳು. "ಭಾಬಿ, ನೀನಿದ್ರೆ ನಂಗೆ ಭಯ ಇಲ್ಲ," ಎಂದಿದ್ದಳಂತೆ. ಆ ಮಾತು ಕೇಳಿದ ದಿನ ಬದ್ರುನ್ನಿಸಾ ಊಟ ಮಾಡಲಿಲ್ಲ.

ರಂಜಾನ್ ತಿಂಗಳ ನಡುವೆ ಒಂದು ಮಧ್ಯಾಹ್ನ ನೋವು ಶುರುವಾಯಿತು. ರಸೂಲ್ ಶಿರಸಿಗೆ ಮೋಟಾರು ಒಯ್ದಿದ್ದ. ಬಿಸ್ಮಿಲ್ಲಾ ಬಿ ನನ್ನನ್ನೂ ಕರೆದಳು. ನಾವಿಬ್ಬರೂ ರಜಿಯಾಳನ್ನು ಎರಡು ಕಡೆ ಹಿಡಿದು ದವಾಖಾನೆಗೆ ನಡೆಸಿಕೊಂಡು ಹೋದೆವು. ಬದ್ರುನ್ನಿಸಾ ಬಾಗಿಲಲ್ಲೇ ಇದ್ದಳು. ನಸುಕಿನ ಸೆಹರಿ ಊಟದಿಂದ ನೀರು ಮುಟ್ಟಿರದ ತುಟಿ ಒಣಗಿ ಬಿಳಿಚಿತ್ತು.

ನಮ್ಮನ್ನು ಪರದೆಯ ಈಚೆ ಕೂರಿಸಿದರು. ಪರದೆಯಾಚೆ ರಜಿಯಾಳ ನರಳಾಟ, ಸಿಸ್ಟರ್ ದನಿ, ಅದನ್ನು ಹಿಂಬಾಲಿಸಿ ಬದ್ರುನ್ನಿಸಾಳ ದನಿ, "ಕಾಲು ಮಡಚು ರಜ್ಜೂ", "ಈ ಕಡೆ ಹೊರಳು". ಬಿಸ್ಮಿಲ್ಲಾ ಬಿ ತಸ್ಬಿಯ ಮಣಿ ತಿರುಗಿಸುತ್ತಿದ್ದಳು. ನನ್ನ ಕೈ ನನಗರಿವಿಲ್ಲದೆ ಕೊರಳ ಲಿಂಗದ ಮೇಲೆ ಹೋಗಿತ್ತು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು.

ಆಮೇಲೆ ನೋವು ಒತ್ತೊತ್ತಾಗಿ ಬರತೊಡಗಿತು. ಬಿಸ್ಮಿಲ್ಲಾ ಬಿ ಎದ್ದು ಪರದೆಗೆ ಬಾಯಿಟ್ಟು ಕೂಗಿದಳು, "ಜೋರ್ ಹಾಕು ಬೇಟಿ! ಜೋರ್ ಹಾಕು!"

ಒಳಗೆ ಸಿಸ್ಟರ್ ದನಿ ಥಟ್ಟನೆ ಬದಲಾಯಿತು. ಚೂಪಾಯಿತು, ಓಡತೊಡಗಿತು. ಒಂದೇ ಉಸಿರಿನಲ್ಲಿ ಉದ್ದದ ಮಾತು ಬಂತು. ಎಂದಿನಂತೆ ಅದರ ಹಿಂದೆ ಬದ್ರುನ್ನಿಸಾಳ ದನಿ ಬರಬೇಕಿತ್ತು. ಬರಲಿಲ್ಲ.

ಸಿಸ್ಟರ್ ಮತ್ತೆ ಹೇಳಿದರು, ಇನ್ನೂ ಗಟ್ಟಿಯಾಗಿ, ಇನ್ನೂ ಬೇಗ.

"ಯಾಕೆ ಸುಮ್ನಿದ್ದಾಳೆ ಇವಳು?" ಬಿಸ್ಮಿಲ್ಲಾ ಬಿ ನನ್ನ ರಟ್ಟೆ ಹಿಡಿದಳು. "ಬದ್ರೂ! ಕ್ಯಾ ಬೋಲೀ? ಏನಂದ್ಲು?"

ಒಳಗೆ ನಡೆದದ್ದನ್ನು ಬದ್ರುನ್ನಿಸಾ ಆಮೇಲೆ ನನಗೆ ಹೇಳಿದಳು. ಮಗುವಿನ ತಲೆ ಹೊರಗೆ ಬಂದಿತ್ತು. ಸಿಸ್ಟರ್ ಬೆರಳು ಮಗುವಿನ ಕತ್ತಿನ ಹತ್ತಿರ ಏನೋ ಹುಡುಕುತ್ತಿತ್ತು. ಅವರ ಬಾಯಿ ಬಟ್ಟೆಯ ಹಿಂದೆ ಇತ್ತು. ಮಾತು ಅವಳ ನಾಲಿಗೆಯವರೆಗೆ ಬಂದು ನಿಂತಿತ್ತು, ಹೇಳಿಬಿಟ್ಟರೆ ಸಿಸ್ಟರ್ "ಬ್ರಾವಾ" ಎಂದು ಕೆಲಸಕ್ಕೆ ತಿರುಗುತ್ತಾರೆ. ಅವಳು ಹಲ್ಲು ಕಚ್ಚಿದಳು. ಮಾತನ್ನು ಜಾರಲು ಬಿಟ್ಟಳು. ಜಾರಿದ ಮೇಲೆ ಉಳಿದದ್ದು ಎರಡೇ: "ಬೇಡ" ಎಂಬುದು, "ತಡೆ" ಎಂಬುದು.

"ರಜ್ಜೂ, ತಡಿ! ಜೋರ್ ಹಾಕಬೇಡ!" ಎಂದಳು.

"ಏನ್ ಹೇಳ್ತಿದ್ದೀಯೇ ನೀನು!" ಹೊರಗಿನಿಂದ ಅತ್ತೆ ಚೀರಿದಳು. "ಮಗು ಒಳಗೇ ಉಸಿರು ಕಟ್ಟಿ ಸಾಯ್ತದೆ! ಹಾಕು ಬೇಟಿ, ಜೋರ್ ಹಾಕು!"

ರಜಿಯಾ ತಾಯಿಯ ದನಿಯ ಕಡೆ ಒಮ್ಮೆ, ಅತ್ತಿಗೆಯ ಕಡೆ ಒಮ್ಮೆ ನೋಡಿದಳಂತೆ. ಮೈ ತಾನಾಗಿ ಬಿಗಿಯುತ್ತಿತ್ತು. ಸಿಸ್ಟರ್ ಮತ್ತೇನೋ ಹೇಳಿದರು. ತಡೆಯಬೇಕು, ಸರಿ. ತಡೆಯುವುದು ಹೇಗೆ? ಅದನ್ನೇ ಹೇಳುತ್ತಿದ್ದಾರೆ ಎಂದು ಬದ್ರುನ್ನಿಸಾಗೆ ಗೊತ್ತಾಯಿತು. ಏನೆಂದು ಮಾತ್ರ ತಿಳಿಯಲಿಲ್ಲ. ಊಹೆ ಮಾಡಿ ಏನಾದರೂ ಹೇಳಬಹುದಿತ್ತು. ದೇವಿಗೆ ಹಾಗೇ ಹೇಳಿದ್ದಳು.

ಅವಳು ಸಿಸ್ಟರ್ ತೋಳು ಹಿಡಿದಳು. "ಇಲ್ಲ," ಎಂದಳು ಅವರ ಭಾಷೆಯಲ್ಲಿ. "ಮೆಲ್ಲಗೆ. ಒಂದು. ಒಂದೇ." ಆಮೇಲೆ ನಮಗೆಲ್ಲ ಕೇಳುವಂತೆ ಕನ್ನಡದಲ್ಲೂ ಬಂತು, "ನನಗೆ ತಿಳೀಲಿಲ್ಲ!" ಈ ಸಲ ಅವಳ ಇಟಾಲಿಯನ್ ಸೊಗಸಾಗಿರಲಿಲ್ಲವಂತೆ. ಒಣಗಿದ ಬಾಯಲ್ಲಿ ಸ್ವರಗಳೆಲ್ಲ ಒಡೆದುಹೋಗಿದ್ದವು.

ಸಿಸ್ಟರ್ ತಲೆಯೆತ್ತಿ ಅವಳನ್ನು ನೋಡಿದರು. ಅಷ್ಟು ತಿಂಗಳ ಮೇಲೆ ಅವರಿಗೆ ಆ ಕ್ಷಣದಲ್ಲಿ ಎಲ್ಲ ಗೊತ್ತಾಯಿತು ಎನ್ನುತ್ತಿದ್ದಳು ಬದ್ರುನ್ನಿಸಾ. ಬೈಯಲಿಲ್ಲ. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಹೆಗಲಿಗೆ ಉಜ್ಜಿ ಕೆಳಕ್ಕೆ ಸರಿಸಿ ಒಂದೇ ಪದ ಹೇಳಿದರು, ಬಿಡಿಸಿ ಬಿಡಿಸಿ. ಒಲೆ ಊದುವಾಗ ಹೊನ್ನಿಗೆ ಹೇಳುತ್ತಿದ್ದ ಪದ.

"ಊದು ರಜ್ಜೂ! ಒಲೆ ಊದಿದಂಗೆ ಊದು! ಸಣ್ಣಗೆ, ಸಣ್ಣಗೆ! ಅಮ್ಮನ ಮಾತು ಕೇಳಬೇಡ, ನನ್ನ ಮುಖ ನೋಡು!"

ಪರದೆಯಾಚೆಯಿಂದ ಇಬ್ಬರು ಹೆಂಗಸರು ಊದುವ ಸದ್ದು ಬಂತು. ಬಿಸ್ಮಿಲ್ಲಾ ಬಿ ಪರದೆ ಸರಿಸಿ ನುಗ್ಗಲು ಹೋದಳು. ನಾನು ಅವಳ ಸೊಂಟ ಹಿಡಿದುಕೊಂಡೆ. ಅವಳು ನನ್ನ ಕೈಗೆ ಹೊಡೆದಳು, ನಾನು ಬಿಡಲಿಲ್ಲ. ಊದುವ ಸದ್ದು ನಡೆಯುತ್ತಲೇ ಇತ್ತು. ಆಮೇಲೆ ಸಿಸ್ಟರ್ ಒಂದು ಪದ ಅಂದರು, ಬದ್ರುನ್ನಿಸಾ "ಈಗ ಹಾಕು!" ಅಂದಳು, ರಜಿಯಾ ಕೂಗಿದಳು. ಅದಾದ ಮೇಲೆ ಯಾವ ಸದ್ದೂ ಇಲ್ಲ. ಹಿಂದಿನ ಎರಡು ಸಲವೂ ಹೀಗೇ ಸದ್ದು ನಿಂತಿತ್ತು. ನನ್ನ ಹಿಡಿತದಲ್ಲಿದ್ದ ಬಿಸ್ಮಿಲ್ಲಾ ಬಿಯ ಮೈ ಸಡಿಲವಾಗಿ ಭಾರವಾಯಿತು.

ಒಳಗೆ ಚಟ್ಟನೆ ಒಂದು ಪೆಟ್ಟು. ಮಗು ಅತ್ತಿತು.

ಮಗುವಿನ ಕತ್ತಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ಒತ್ತಡ ನಿಂತ ಆ ಹೊತ್ತಿನಲ್ಲಿ ಸಿಸ್ಟರ್ ಅದನ್ನು ತಲೆಯ ಮೇಲಿನಿಂದ ದಾಟಿಸಿ ತೆಗೆದಿದ್ದರು. ಗಂಡು ಮಗು.

ಮಸೀದಿಯಿಂದ ಅಜಾನ್ ಕೇಳಿತು. ಹೊನ್ನಿ ಎರಡು ಲೋಟ ನೀರು ತಂದಳು. ಅತ್ತೆ ಸೊಸೆ ಇಬ್ಬರೂ ಉಪವಾಸ ಬಿಟ್ಟರು. ಮೊಮ್ಮಗನನ್ನು ಮಡಿಲಲ್ಲಿ ಇಟ್ಟುಕೊಂಡ ಬಿಸ್ಮಿಲ್ಲಾ ಬಿ ಮುಖ ಎತ್ತದೆ ಕೇಳಿದಳು, "ತಿಳೀಲಿಲ್ಲ ಅಂತ ಕೂಗಿದ್ಯಲ್ಲ. ಎಷ್ಟು ತಿಳಿಯಲ್ಲ ನಿನಗೆ?"

"ಅರ್ಧಕ್ಕಿಂತ ಜಾಸ್ತಿ ಅಮ್ಮಾ."

"ಮೊದ್ಲೇ ಹೇಳಿದ್ರೆ ನಾನು ಇಲ್ಲಿಗೆ ಕರ್ಕೊಂಡ್ ಬರ್ತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ."

ಹಬ್ಬ ಮುಗಿಯುವವರೆಗೂ ಸೊಸೆಯೊಡನೆ ಬಿಸ್ಮಿಲ್ಲಾ ಬಿಯ ಮಾತು ಬಿಟ್ಟೇ ಹೋಗಿತ್ತು. ಏನು ಬೇಕಾದರೂ ಮಗುವಿನ ಹತ್ತಿರ ಹೇಳುತ್ತಿದ್ದಳು, "ನಿನ್ನ ಮಾಮಿಗೆ ಹೇಳು, ಸೇವಿಗೆಗೆ ಸಕ್ಕರೆ ಸಾಲದು." ಬದ್ರುನ್ನಿಸಾಳೂ ಮಗುವಿಗೇ ಉತ್ತರ ಕೊಡುತ್ತಿದ್ದಳು. ಸಿಸ್ಟರ್ ಮಾತ್ರ ಮರುದಿನದಿಂದಲೇ ಕ್ರಮ ಬದಲಿಸಿದರು. ತಿರುಗಿ ಒಪ್ಪಿಸಲು ಬದ್ರುನ್ನಿಸಾ ಬಾಯಿ ತೆಗೆದರೆ ಅಂಗೈಯಿಂದ ಮುಚ್ಚುತ್ತಿದ್ದರು. ಹೇಳಿದ್ದನ್ನು ಮಾಡಿ ತೋರಿಸಬೇಕು, ಇಲ್ಲವೇ ಮತ್ತೆ ಕೇಳಬೇಕು. ಮೊದಮೊದಲು ಒಂದು ಮಾತಿಗೆ ನಾಲ್ಕು ಸಲ ಕೇಳುತ್ತಿದ್ದಳು. ಅದನ್ನು ನೋಡಿದ ಪೇಟೆಯ ಹೆಂಗಸರು ಇವಳಿಗೆ ಇಟಾಲಿಯನ್ ಮರೆತೇ ಹೋಯಿತು ಎಂದು ಆಡಿಕೊಂಡರು.

ಮರುವರ್ಷ ಬೇಸಿಗೆಯಲ್ಲಿ ಬಿಸ್ಮಿಲ್ಲಾ ಬಿ ತನ್ನ ತಮ್ಮನ ಸೊಸೆಯನ್ನು ಹೆರಿಗೆಗೆ ತಾನೇ ಕರೆತಂದಳು. ನಾನೂ ಜೊತೆಗಿದ್ದೆ. ಪರದೆಯ ಈಚೆ ಅದೇ ಬೆಂಚಿನ ಮೇಲೆ ಕೂತು ತಸ್ಬಿ ತೆಗೆದಳು. ಒಳಗೆ ಸಿಸ್ಟರ್ ಏನೋ ಉದ್ದಕ್ಕೆ ಹೇಳಿದರು. ಬದ್ರುನ್ನಿಸಾಳ ದನಿ ಬರಲಿಲ್ಲ. ಬಿಸ್ಮಿಲ್ಲಾ ಬಿ ಎದ್ದು ಪರದೆಗೆ ಬಾಯಿಟ್ಟು ಗದರಿದಳು:

"ಬದ್ರೂ! ತಿಳೀದಿದ್ರೆ ಸುಮ್ನೆ ನಿಂತ್ಕೋಬೇಡ. ಕೇಳು ಅವಳನ್ನ!"

ಒಳಗೆ ಸಿಸ್ಟರ್ ಮತ್ತೇನೋ ಚುರುಕಾಗಿ ಅಂದರು. "ತಿಳೀತು ಅಮ್ಮಾ," ಎಂಬ ಉತ್ತರ ಬಂತು. "ಬಾಗಿಲಲ್ಲಿ ಕೂಗಾಡೋರನ್ನ ಹೊರಗೆ ಕಳಿಸು ಅಂದ್ರು."